ದೀಪದಣ್ಣನೂ ಎರಡು ಶೀಶೆ ಎಂಜಲೂ

ನಮ್ಮ ಬೀದಿಯ ಕೊನೆಯಲ್ಲಿ, ಬೇಕರಿಯ ಹಿಂಬದಿಯ ಎರಡು ಕೋಣೆಗಳ ಮನೆಯಲ್ಲಿ ಇರುವವನನ್ನು ಎಲ್ಲರೂ ದೀಪದಣ್ಣ ಎಂದೇ ಕರೆಯುತ್ತಾರೆ. ಅವನ ನಿಜವಾದ ಹೆಸರನ್ನು ಅಂಚೆಯವನು ಕೂಡ ಒಂದು ಕ್ಷಣ ಯೋಚಿಸಿಯೇ ಹೇಳಬೇಕು. ಕೆಲಸ ಮುಗಿಸಿ ಮಧ್ಯಾಹ್ನದ ಬಿಸಿಲಿನಲ್ಲಿ ಬರುವಾಗ ಹಣೆಗೆ ಅಂಗೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು, ಗೋಡೆಯ ಬದಿಗೇ ನಡೆಯುತ್ತಿದ್ದ. ಬೀದಿಯ ಮಕ್ಕಳು ಅವನ ಹಿಂದೆ ಹಾಗೆಯೇ ಕೈ ಹಿಡಿದು ಸಾಲಾಗಿ ನಡೆಯುತ್ತಿದ್ದರು. ಅವನು ತಿರುಗಿ ನೋಡುತ್ತಿದ್ದ, ನಗುತ್ತಿದ್ದ, ಮತ್ತೆ ನಡೆಯುತ್ತಿದ್ದ. ಬೈದದ್ದನ್ನು ನಾನು ಕಾಣೆ.

ಅವನ ಕೆಲಸ ಹ್ಯಾಚರಿಯಲ್ಲಿ. ಸಾವಿರಾರು ಕೋಳಿಮೊಟ್ಟೆಗಳಿಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಸುವ ಜಾಗ ಅದು. ಮೊಟ್ಟೆಗಳು ಒಂದು ವಾರ ಕಾವಿನಲ್ಲಿ ಇದ್ದ ಮೇಲೆ ಅವನ ಕತ್ತಲೆ ಕೋಣೆಗೆ ಬರುತ್ತಿದ್ದವು. ಅಲ್ಲಿ ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ದೀಪ, ಪೆಟ್ಟಿಗೆಯ ಮೇಲೊಂದು ತೂತು. ತೂತಿನ ಮೇಲೆ ಮೊಟ್ಟೆ ಇಟ್ಟರೆ ಒಳಗಿನದೆಲ್ಲ ಬೆಳಕಿಗೆ ಬರುತ್ತದೆ. ಜೀವ ಇದ್ದರೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡದ ಕಾಲಿನಂಥ ಕೆಂಪು ಎಳೆಗಳು. ಖಾಲಿಯಾದರೆ ಬರೀ ಹಳದಿ. ನಡುವೆ ಸತ್ತದ್ದಾದರೆ ಒಂದು ರಕ್ತದ ಉಂಗುರ. ಅವನ ಕೈಗೆ ಮೊಟ್ಟೆ ಬಂದದ್ದೂ ಹೋದದ್ದೂ ನೋಡುವವರ ಕಣ್ಣಿಗೆ ಸಿಕ್ಕುತ್ತಿರಲಿಲ್ಲ. ಕೆಟ್ಟದ್ದು ಒಳಗೇ ಉಳಿದರೆ ಯಂತ್ರದಲ್ಲಿ ಒಡೆದು ಸುತ್ತಲಿನವನ್ನೂ ಹಾಳು ಮಾಡುತ್ತದೆ. ಆದ್ದರಿಂದ ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಹೇಳಿಕೊಟ್ಟ ಮಾತು: "ಅನುಮಾನ ಬಂತಾ? ತೆಗೆ. ಯೋಚನೆ ಮಾಡ್ತಾ ಕೂರಬೇಡ."

ಇದನ್ನು ಅವನು ನನಗೆ ಹೆಮ್ಮೆಯಿಂದ ಹೇಳಿದ್ದ. ಹೆಮ್ಮೆಗೆ ಕಾರಣವಿತ್ತು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಅವನನ್ನು ಹುಡುಗರು "ಸೊನ್ನೆ" ಎಂದು ಕರೆಯುತ್ತಿದ್ದರಂತೆ. ನಾನು ಶಾಲೆಯ ಮೇಷ್ಟ್ರಾಗಿದ್ದವನು, ಆದರೆ ಅವನು ನನ್ನ ಶಿಷ್ಯನಲ್ಲ, ಬೇರೆ ಊರಿನವನು. ಮಗ್ಗಿ ಬಾರದೆ ಬೆಂಚಿನ ಮೇಲೆ ನಿಂತು, ನಿಂತು, ಕಡೆಗೆ ಕಿಟಕಿಯಿಂದ ಕಾಣುತ್ತಿದ್ದ ಗೋಡೆಯ ಇಟ್ಟಿಗೆಗಳೆಲ್ಲ ಅವನಿಗೆ ಪರಿಚಯವಾಗಿದ್ದವು. ಏಳನೆಯ ತರಗತಿಯಲ್ಲಿ ಎರಡನೆಯ ಸಲ ಕೂತಾಗ ಶಾಲೆ ಬಿಟ್ಟ. ಆಮೇಲೆ ಈ ಕತ್ತಲೆ ಕೋಣೆ ಸಿಕ್ಕಿತು. ಅಲ್ಲಿ ಅವನು ತಪ್ಪುತ್ತಲೇ ಇರಲಿಲ್ಲ.

ಹೆಂಡತಿ ಶಾಲಾಚೀಲ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಮಕ್ಕಳು ಇಬ್ಬರು ಹೆಣ್ಣು. ದೊಡ್ಡವಳು ಮೆದು ಮಾತಿನವಳು, ಬಟ್ಟೆ ಮಡಿಸಿದರೆ ಇಸ್ತ್ರಿ ಬೇಡ. ನರ್ಸ್ ಆಗಬೇಕೆಂದು ಅವಳ ಆಸೆ. ಚಿಕ್ಕವಳನ್ನು ಮನೆಯಲ್ಲೂ ಬೀದಿಯಲ್ಲೂ ವಕೀಲಮ್ಮ ಎನ್ನುತ್ತಿದ್ದರು. ಆ ಹೆಸರು ಬಂದದ್ದು ಹ್ಯಾಚರಿಯಲ್ಲೇ. ಅವಳಿಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋಗಿ, ಕತ್ತಲೆ ಕೋಣೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿ ಕೇಳಿದಳಂತೆ:

"ಅಪ್ಪಾ, ತೆಗೆದಿದ್ದನ್ನ ಒಡೆದು ನೋಡ್ತೀಯಾ?"

"ಇಲ್ಲಮ್ಮ. ಅದು ಗುಂಡಿಗೆ ಹೋಗುತ್ತೆ."

"ಹಾಗಾದ್ರೆ ನೀನು ತಪ್ಪಿಲ್ಲ ಅಂತ ನಿಂಗೆ ಹೇಗೆ ಗೊತ್ತು?"

ಮೇಸ್ತ್ರಿ ಬಿದ್ದು ಬಿದ್ದು ನಕ್ಕು, "ಯಪ್ಪಾ, ಇವಳು ವಕೀಲಿ ಮಾಡ್ತಾಳೆ, ಇವಳನ್ನ ಆಚೆ ಕಳಿಸು" ಎಂದನಂತೆ. ದೀಪದಣ್ಣ ಈ ಪ್ರಸಂಗವನ್ನು ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಹತ್ತನೆಯ ತರಗತಿಯ ವರ್ಷ ವಕೀಲಮ್ಮ ಸಂಜೆ ನನ್ನ ಮನೆಯ ಜಗಲಿಗೆ ಪಾಠಕ್ಕೆ ಬರತೊಡಗಿದಳು. ನಗರದಲ್ಲಿ ಸರ್ಕಾರದ ಒಂದು ವಿಜ್ಞಾನ ಕಾಲೇಜು ಇತ್ತು. ಪ್ರವೇಶ ಪರೀಕ್ಷೆಯಲ್ಲಿ ಗೆದ್ದವರಿಗೆ ಓದು, ಊಟ, ವಸತಿ ಎಲ್ಲವೂ ಅಲ್ಲಿಯೇ. ಅವಳಿಗೆ ಅಲ್ಲಿಗೆ ಹೋಗಬೇಕೆಂಬ ಹುಚ್ಚು. ಅವಳು ಚುರುಕಿನ ಹುಡುಗಿ ಎಂದು ನಾನು ಹೇಳಲಾರೆ. ನಲವತ್ತು ವರ್ಷ ಪಾಠ ಮಾಡಿದವನಿಗೆ ಚುರುಕು ಕಂಡರೆ ಗೊತ್ತಾಗುತ್ತದೆ. ಅವಳದ್ದು ಜಗಳಗಂಟತನ. ಲೆಕ್ಕ ಬರದಿದ್ದರೆ ಅದರ ಮೇಲೆ ಸಿಟ್ಟಾಗುತ್ತಿದ್ದಳು. "ಇದೇನು ಮೇಷ್ಟ್ರೇ, ಇದು ನನ್ನ ಹತ್ರ ಆಟ ಆಡ್ತಿದೆ" ಎಂದು ಗೊಣಗಿ, ಪೆನ್ಸಿಲ್ ಕಚ್ಚಿ, ಹಾಳೆ ತಿರುವಿ, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದಳು. ಬೇರೆ ಮಕ್ಕಳು ಕೈ ಚೆಲ್ಲಿ ಎದ್ದುಹೋದ ಜಾಗದಲ್ಲಿ ಅವಳು ಇನ್ನೂ ಕೂತಿರುತ್ತಿದ್ದಳು. ಲೆಕ್ಕ ಕಡೆಗೆ ಅವಳಿಗೆ ಒಲಿಯುತ್ತಿತ್ತು. ಅವಳು ಆ ಪರೀಕ್ಷೆಯಲ್ಲಿ ಗೆಲ್ಲುತ್ತಾಳೆ ಎಂದು ನನಗೆ ನಂಬಿಕೆ ಇತ್ತು.

ಆ ವರ್ಷದ ಬೇಸಿಗೆಯಲ್ಲಿ ಮುಖ್ಯರಸ್ತೆಯ ಔಷಧಿ ಅಂಗಡಿಯ ಮುಂದೆ ಒಂದು ಮೇಜು ಹಾಕಿಕೊಂಡು ಬಿಳಿ ಕೋಟಿನ ತರುಣಿಯೊಬ್ಬಳು ಕೂತಳು. ಮಕ್ಕಳ ಎಂಜಲನ್ನು ಸಣ್ಣ ಶೀಶೆಯಲ್ಲಿ ಹಿಡಿದು ಕಳಿಸಿದರೆ, ಅವರ ಬುದ್ಧಿಶಕ್ತಿ ಎಷ್ಟಿದೆ ಎಂದು ವಂಶವಾಹಿಗಳನ್ನು ನೋಡಿ ತಿಳಿಸುತ್ತಾರೆ ಎಂದು ಫಲಕದಲ್ಲಿ ಬರೆದಿತ್ತು. ಬೇರೆ ತಂದೆಯರು ಓದಿ ಮುಂದೆ ಹೋಗಬಹುದಾಗಿತ್ತು. ದೀಪದಣ್ಣ ನಿಂತ. ಅವನಿಗೆ ಇದು ಹೊಸ ವಿಷಯವಲ್ಲ. ಹ್ಯಾಚರಿಗೆ ಮೊಟ್ಟೆ ಕೊಡುವ ಕೋಳಿಗಳ ರಕ್ತವನ್ನು ಪರೀಕ್ಷೆಗೆ ಕಳಿಸುವುದು, ಚೆನ್ನಾಗಿ ಮೊಟ್ಟೆ ಇಡುವ ತಳಿಯನ್ನು ಅದರಿಂದಲೇ ಆರಿಸುವುದು, ಆ ಆಯ್ಕೆ ಫಲ ಕೊಡುವುದು, ಇದನ್ನೆಲ್ಲ ಅವನು ವರ್ಷಗಳಿಂದ ಕಣ್ಣಾರೆ ಕಂಡಿದ್ದ.

ಮಾರನೆಯ ದಿನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋದ. ದೊಡ್ಡವಳು ನಾಚಿಕೆಯಿಂದ ಬಾಯಿಗೆ ಸೆರಗು ಅಡ್ಡ ಹಿಡಿದು ಉಗುಳಿದಳು. ವಕೀಲಮ್ಮ ಶೀಶೆಯನ್ನು ಎತ್ತಿ ನೋಡಿ, "ಬೆಳಗ್ಗೆ ಅಕ್ಕನ ಪಾಲಿನ ಬನ್ ನಾನು ತಿಂದಿದ್ದೂ ಇದರಲ್ಲಿ ಗೊತ್ತಾಗುತ್ತಾ?" ಎಂದು ಕೇಳಿ ಅಕ್ಕನ ಕೈಯಲ್ಲಿ ಗುದ್ದಿಸಿಕೊಂಡಳು.

ವರದಿ ಬಂದ ಸಂಜೆ ಅವನು ನೇರ ನನ್ನ ಜಗಲಿಗೆ ಬಂದ. ಹೊಳೆಯುವ ಕಾಗದ, ಕೆಂಪಿನಿಂದ ಹಸುರಿನವರೆಗೆ ಒಂದು ಬಣ್ಣದ ಪಟ್ಟಿ, ಅದರ ಮೇಲೊಂದು ಮುಳ್ಳು. ದೊಡ್ಡವಳ ಮುಳ್ಳು ನಡುಗೆರೆಯಿಂದ ಹಸುರಿನ ಕಡೆಗೆ ಸರಿದಿತ್ತು. ಚಿಕ್ಕವಳದ್ದು ಗೆರೆಯಿಂದ ಈಚೆಗೆ, ಕೆಂಪಿನ ಕಡೆಗೆ ಸ್ವಲ್ಪ ಸರಿದು ನಿಂತಿತ್ತು.

"ನೋಡಿ ಮೇಷ್ಟ್ರೇ. ವಕೀಲಮ್ಮನದು ಸರಾಸರಿಗಿಂತ ಕೆಳಗಿದೆ."

"ಇದು ಜಾತಕ ಅಲ್ಲಯ್ಯಾ," ಎಂದೆ. "ಬುದ್ಧಿ ಅನ್ನೋದು ಒಂದು ವಂಶವಾಹಿಯ ಕೆಲಸ ಅಲ್ಲ. ಸಾವಿರಾರು ಕಡೆ ಸಣ್ಣ ಸಣ್ಣ ವ್ಯತ್ಯಾಸ ಇರುತ್ತವೆ, ಒಂದೊಂದರ ಪಾಲು ಸಾಸಿವೆಯಷ್ಟು. ಎಲ್ಲಾ ಕೂಡಿಸಿ ಲಕ್ಷ ಜನರ ಗುಂಪಿನ ಬಗ್ಗೆ ಏನೋ ಒಂದು ಮಾತು ಹೇಳಬಹುದು. ಈ ಹುಡುಗಿ ಏನು ಮಾಡ್ತಾಳೆ ಅಂತ ಹೇಳೋಕಾಗಲ್ಲ."

"ಕೋಳೀಲಿ ಹೇಳ್ತಾರಲ್ಲ?"

"ನಿನ್ನ ಮಗಳು ಕೋಳಿಯೇನಯ್ಯಾ?"

ಅವನು ನಗಲಿಲ್ಲ. ಕಾಗದವನ್ನು ಜೋಪಾನವಾಗಿ ಮಡಿಸುತ್ತ ಹೇಳಿದ: "ಮೇಷ್ಟ್ರೇ, ನೀವು ಬೆಂಚಿನ ಮೇಲೆ ನಿಲ್ಲಿಸಿದವರು, ನಿಂತವರಲ್ಲ. ಆ ದೊಡ್ಡ ಕಾಲೇಜಲ್ಲಿ ಎಲ್ಲಾ ಚುರುಕು ಮಕ್ಕಳ ಮಧ್ಯ ಇವಳು ನಿಂತ್ಕೊಳ್ಳೋದು ಬೇಡ. ಒಳಗೇನಿದೆ ಅಂತ ಮೊದ್ಲೇ ಗೊತ್ತಾದ್ರೆ ಒಳ್ಳೇದೇ ಅಲ್ವಾ? ನಂಗೆ ಯಾರಾದ್ರೂ ಮೊದ್ಲೇ ಹೇಳಿದ್ರೆ ಅಷ್ಟು ವರ್ಷ ನಿಲ್ತಾ ಇರಲಿಲ್ಲ."

ಅವನಲ್ಲಿ ಅಹಂಕಾರವಿರಲಿಲ್ಲ, ತಾತ್ಸಾರವೂ ಇರಲಿಲ್ಲ. ಮಗಳನ್ನು ತನ್ನ ನೋವಿನಿಂದ ದೂರ ಇಡಬೇಕೆಂಬ ಪ್ರೀತಿಯೊಂದೇ ಇತ್ತು. ಆದ್ದರಿಂದಲೇ ನನ್ನ ಮಾತು ಅವನ ಮೇಲೆ ನಾಟಲಿಲ್ಲ. ಕೆಟ್ಟ ಉದ್ದೇಶವಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

ಅವನ ಮನೆಯಲ್ಲಿ ನಡೆದದ್ದನ್ನು ಅವನ ಹೆಂಡತಿ ಆಮೇಲೆ ನನಗೆ ಹೇಳಿದಳು. "ರೀ, ಹುಡುಗಿ ಅಷ್ಟು ಆಸೆ ಇಟ್ಕೊಂಡಿದಾಳೆ, ಪರೀಕ್ಷೆ ಬರೀಲಿ ಬಿಡಿ, ಬಂದ್ರೆ ಬರುತ್ತೆ, ಹೋದ್ರೆ ಹೋಗುತ್ತೆ" ಎಂದು ಅವಳು ಅಂಗಲಾಚಿದ್ದಳು. ವಕೀಲಮ್ಮ ಮಾತಿಗೆ ಮಾತು ಬೆಳೆಸಿ, ಪಾತ್ರೆ ಕುಕ್ಕಿ, ಒಂದು ಗಂಟೆ ವಾದ ಮಾಡಿದ್ದಳು. ತನ್ನ ಅಂಕಗಳನ್ನು ಹೇಳಿದಳು, ನನ್ನನ್ನು ಸಾಕ್ಷಿಗೆ ಕರೆದಳು. ಕಡೆಗೆ ದೀಪದಣ್ಣ ಆ ಕಾಗದವನ್ನು ಅವಳ ಮುಂದೆ ಇಟ್ಟು, ಬಹಳ ಮೆಲ್ಲಗೆ, "ಇದು ನನ್ನ ಮಾತಲ್ಲ ಕಣಮ್ಮ. ನಿನ್ನೊಳಗಿಂದಾನೇ ಬಂದಿದ್ದು" ಎಂದ.

ಹುಡುಗಿ ಅಲ್ಲಿಗೆ ನಿಲ್ಲಿಸಿದಳು. ಅಪ್ಪನ ಜೊತೆ, ಮೇಷ್ಟ್ರ ಜೊತೆ, ಲೆಕ್ಕದ ಜೊತೆ ಜಗಳವಾಡಬಲ್ಲವಳು ತನ್ನ ರಕ್ತದ ಜೊತೆ ಹೇಗೆ ಆಡಿಯಾಳು?

ಆ ವರ್ಷ ಅವಳು ಪರೀಕ್ಷೆಗೆ ಕೂರಲಿಲ್ಲ. ಅಮ್ಮನ ಜೊತೆ ಚೀಲದ ಕಾರ್ಖಾನೆಗೆ ಹೊಲಿಗೆ ಕಲಿಯಲು ಹೋದಳು. ದೊಡ್ಡವಳನ್ನು, ನರ್ಸ್ ಆಗಬೇಕೆಂದಿದ್ದವಳನ್ನು, ಮುಳ್ಳು ಹಸುರಿನ ಕಡೆ ಇದೆಯೆಂದು ದೂರದ ಕಾಲೇಜಿಗೆ ಗಣಿತ ಓದಲು ಕಳಿಸಿದರು. ಅವಳು ಹೋಗುವಾಗ ನನಗೆ ನಮಸ್ಕಾರ ಮಾಡಲು ಬಂದು, "ನಂಗೆ ಭಯ ಆಗುತ್ತೆ ಮೇಷ್ಟ್ರೇ" ಎಂದಷ್ಟೇ ಹೇಳಿದಳು.

ನಾನು ಬಿಡದೆ ಹೇಳಿ ಹೇಳಿ ವಕೀಲಮ್ಮನನ್ನು ಕೆಲವು ಸಂಜೆ ಜಗಲಿಗೆ ಕರೆಸಿಕೊಂಡೆ. ಮಾರನೆಯ ವರ್ಷವೂ ಪರೀಕ್ಷೆ ಬರೆಯಬಹುದಿತ್ತು. ಅದರಾಚೆಗೆ ವಯಸ್ಸಿನ ಮಿತಿ ದಾಟುತ್ತಿತ್ತು. ಅವಳು ಬಂದಳು, ನಾನು ಕೊಟ್ಟದ್ದನ್ನು ಮಾಡಿದಳು. ಆದರೆ ಲೆಕ್ಕ ಗಟ್ಟಿಯಾದ ಕಡೆ, ಹಿಂದೆ ಎಲ್ಲಿ ಸಿಟ್ಟು ಶುರುವಾಗುತ್ತಿತ್ತೋ ಅಲ್ಲಿ, ಪೆನ್ಸಿಲನ್ನು ಹಾಳೆಯ ಪಕ್ಕಕ್ಕೆ ನೇರವಾಗಿ ಇಟ್ಟುಬಿಡುತ್ತಿದ್ದಳು. ಗೊಣಗಾಟವಿಲ್ಲ, ಬೇಸರವೂ ಇಲ್ಲ. ಅಂಗಡಿಯ ಬಾಗಿಲು ಹಾಕಿರುವುದನ್ನು ಕಂಡು ತಿರುಗಿ ಹೋಗುವವರ ಹಾಗೆ. ಕೆಲವು ವಾರಗಳಲ್ಲಿ ಬರುವುದೂ ನಿಂತಿತು.

ವರ್ಷ ತಿರುಗುವ ಮೊದಲೇ ದೊಡ್ಡವಳು ವಾಪಸು ಬಂದಳು. ಎಲ್ಲ ವಿಷಯಗಳಲ್ಲಿಯೂ ನಪಾಸಾಗಿದ್ದಳು. ನಪಾಸಾದದ್ದಕ್ಕಿಂತ, ಬುದ್ಧಿ ಇದ್ದೂ ನಪಾಸಾದೆನೆಂಬ ಅವಮಾನ ಅವಳನ್ನು ಹಿಂಡಿತ್ತು. ಯಾರೊಡನೆಯೂ ಮಾತಿಲ್ಲದೆ ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ದೀಪದಣ್ಣ ಕಂಗಾಲಾದ. ಮುಳ್ಳು ಹಸುರಿನಲ್ಲಿತ್ತಲ್ಲ?

ಒಂದು ಭಾನುವಾರ ಅವನು ಹ್ಯಾಚರಿಯ ಲ್ಯಾಬಿನ ತರುಣನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ನನ್ನ ಜಗಲಿಗೆ ಬಂದ. ಕೋಳಿಗಳ ರಕ್ತ ಪರೀಕ್ಷೆ ಮಾಡಿಸುವವನು ಅವನೇ. ಎರಡು ವರದಿಗಳನ್ನೂ ಅವನ ಕೈಗೆ ಕೊಟ್ಟು, "ಮೇಷ್ಟ್ರ ಮುಂದೇನೇ ಹೇಳಪ್ಪ. ಇದು ತಪ್ಪಾ ಸರಿಯಾ?" ಎಂದ.

ತರುಣ ಓದಿದ, ತಲೆ ಕೆರೆದುಕೊಂಡ. "ತಪ್ಪು ಅಂತಲ್ಲ ಅಣ್ಣ."

"ಮತ್ತೆ?"

"ಅಣ್ಣ, ನಮ್ಮ ಕೋಳಿಗಳೆಲ್ಲ ಒಂದೇ ಶೆಡ್ಡು, ಒಂದೇ ಕಾಳು, ಒಂದೇ ನೀರು, ಒಂದೇ ಬೆಳಕು. ಆದ್ರೂ ನಾವು ಲೆಕ್ಕ ಹಾಕೋದು ಇಡೀ ಹಿಂಡಿಗೆ. ಈ ಒಂದು ಕೋಳಿ ನಾಳೆ ಎಷ್ಟು ಮೊಟ್ಟೆ ಇಡುತ್ತೆ ಅಂತ ಯಾರಾದ್ರೂ ಕೇಳಿದ್ರೆ ನಾನು ಬಾಯಿ ಮುಚ್ಕೊಂಡಿರ್ತೀನಿ. ಮನುಷ್ಯರಲ್ಲಂತೂ ಈ ಅಂಕಿ ಇನ್ನೂ ತೆಳು. ಈ ಎರಡು ಮುಳ್ಳಿನ ಮಧ್ಯ ಇರೋ ಅಂತರ ಇದೆಯಲ್ಲ, ಇದು..." ಅವನು ಗಾಳಿಯಲ್ಲಿ ಬೆರಳು ಆಡಿಸಿದ. "ಇದನ್ನಿಟ್ಕೊಂಡು ನಾನು ನನ್ನ ಮಕ್ಕಳಿಗೆ ಚಪ್ಪಲಿನೂ ಆರಿಸಲ್ಲ ಅಣ್ಣ. ನೀವು ನಂಗೆ ಮೊದ್ಲೇ ಒಂದು ಮಾತು ಕೇಳಬಾರದಿತ್ತಾ?"

ಕೇಳಬೇಕೆಂದು ದೀಪದಣ್ಣನಿಗೆ ತೋಚಿಯೇ ಇರಲಿಲ್ಲ. ಬೆಳಕಿನಲ್ಲಿ ಕಂಡದ್ದನ್ನು ಇನ್ನೊಬ್ಬರ ಹತ್ತಿರ ಕೇಳುವ ಅಭ್ಯಾಸ ಅವನ ಕೆಲಸದಲ್ಲಿ ಇರಲಿಲ್ಲ.

ಮಾರನೆಯ ದಿನ ಅವನು ಎಂದೂ ಮಾಡದ ಕೆಲಸ ಮಾಡಿದ. ತಾನು ತೆಗೆದಿಟ್ಟ ಮೊಟ್ಟೆಗಳನ್ನು ಗುಂಡಿಗೆ ಹಾಕದೆ, ಒಂದು ಬಕೆಟ್ಟು ಇಟ್ಟುಕೊಂಡು ಒಂದೊಂದಾಗಿ ಒಡೆದ. ಸಂಜೆ ನನ್ನ ಮೆಟ್ಟಿಲ ಮೇಲೆ ಬಂದು ಕೂತಾಗ ಅವನ ಕೈ ಇನ್ನೂ ವಾಸನೆ ಹೊಡೆಯುತ್ತಿತ್ತು.

"ಎಷ್ಟರಲ್ಲಿ ಜೀವ ಇತ್ತಯ್ಯಾ?" ಎಂದು ಹೆದರುತ್ತಲೇ ಕೇಳಿದೆ.

"ಒಂದರಲ್ಲೂ ಇಲ್ಲ. ಎಲ್ಲಾ ಖಾಲಿ, ಇಲ್ಲಾಂದ್ರೆ ಸತ್ತಿದ್ದು." ಅವನು ಅಂಗೈ ನೋಡಿಕೊಂಡ. "ಮೊಟ್ಟೇಲಿ ನಾನು ತಪ್ಪಿರಲಿಲ್ಲ ಮೇಷ್ಟ್ರೇ. ಅದೇ ನನ್ನ ಕೆಡಿಸಿದ್ದು."

ಒಳಗೆ ಹೋಗಿ ಕೈ ತೊಳೆಯಲು ನೀರು ತಂದುಕೊಟ್ಟೆ.

ಅಂದೇ ರಾತ್ರಿ ಊಟದ ಹೊತ್ತಿಗೆ ವರದಿಗಳನ್ನು ಮಕ್ಕಳ ಮುಂದೆ ಹರಿದು ಹಾಕಿದನಂತೆ. "ಇದು ಸುಳ್ಳು. ನಾನು ಬುದ್ಧಿ ಇಲ್ಲದೆ ನಂಬಿಬಿಟ್ಟೆ. ನೀನು ಪರೀಕ್ಷೆಗೆ ಕೂತ್ಕೋಬೇಕು ವಕೀಲಮ್ಮ" ಎಂದ. ದೊಡ್ಡವಳು ಜೋರಾಗಿ ಅತ್ತಳು. ಅತ್ತದ್ದು ಅವಳಿಗೆ ಒಳ್ಳೆಯದೇ ಆಯಿತು. ಕೆಲವು ತಿಂಗಳ ಮೇಲೆ ನರ್ಸಿಂಗ್ ಶಾಲೆಗೆ ಅರ್ಜಿ ಹಾಕಿದಳು. ಚಿಕ್ಕವಳು ಮಾತ್ರ ಕಾಗದದ ಚೂರುಗಳನ್ನು ಗುಡಿಸಿ ತೆಗೆಯುತ್ತ, "ಕಾಗದ ಹರಿದ್ರೆ ಒಳಗಿರೋದು ಹರಿಯುತ್ತಾ ಅಪ್ಪಾ? ನನ್ನ ಸಮಾಧಾನಕ್ಕೆ ಹೇಳ್ತಿದೀಯ, ಇರಲಿ ಬಿಡು" ಎಂದಳಂತೆ. ಅದರಲ್ಲಿ ಕೋಪ ಒಂದಿಷ್ಟಾದರೂ ಇದ್ದಿದ್ದರೆ ಅವನಿಗೆ ಆಸೆ ಉಳಿಯುತ್ತಿತ್ತು.

ಪರೀಕ್ಷೆಗೆ ಇನ್ನೂ ಸಮಯವಿತ್ತು. ಅರ್ಜಿಯನ್ನು ಅವನೇ ಅವಳಿಂದ ಸಹಿ ಹಾಕಿಸಿ ಕಳಿಸಿದ. ಒಂದು ಸಂಜೆ ಅವಳ ಕೈ ಹಿಡಿದು, ಚಿಕ್ಕ ಮಗುವನ್ನು ಮೊದಲ ದಿನ ಶಾಲೆಗೆ ತರುವಂತೆ, ನನ್ನ ಜಗಲಿಗೆ ತಂದು ಕೂರಿಸಿದ. ತಾನು ಎದುರಿಗೆ ಕಂಬಕ್ಕೆ ಒರಗಿ ಕೂತ. "ಒಂದು ಲೆಕ್ಕ ಕೊಡಿ ಮೇಷ್ಟ್ರೇ. ಇವಳ ಕೈಲಿ ಆಗುತ್ತೆ ಅಂತ ಇವಳಿಗೇ ಗೊತ್ತಾಗಲಿ."

ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯಿಂದ ಒಂದನ್ನು ಕೊಟ್ಟೆ. ಎರಡು ನಲ್ಲಿ ತೊಟ್ಟಿಯನ್ನು ತುಂಬಿಸುತ್ತವೆ, ಮೂರನೆಯದು ಖಾಲಿ ಮಾಡುತ್ತದೆ, ಅದೂ ನಡುವೆ ಸ್ವಲ್ಪ ಹೊತ್ತು ಮುಚ್ಚಿಕೊಂಡಿರುತ್ತದೆ. ಸುಲಭದ್ದಲ್ಲ. ಅವಳು ಬರೆಯುತ್ತಿದ್ದಾಗ ದೀಪದಣ್ಣ ಹಾಳೆಯನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದ. ಅವನಿಗೆ ಅಂಕಿಗಳು ತಿಳಿಯುತ್ತಿರಲಿಲ್ಲ, ನನ್ನ ಮುಖ ತಿಳಿಯುತ್ತಿತ್ತು. ಅವಳು ಉತ್ತರ ಬರೆದು ಗೆರೆ ಎಳೆದಳು.

"ಸರಿ!" ಎಂದೆ. ನನ್ನ ಧ್ವನಿ ನಾನೇ ನಾಚುವಷ್ಟು ಜೋರಾಗಿ ಬಂತು. "ಪೂರ್ತಿ ಸರಿ ಕಣಮ್ಮ!"

ದೀಪದಣ್ಣ ನೆಟ್ಟಗೆ ಕೂತ. "ಕೇಳಿದೆಯಾ? ಕೇಳಿದೆಯಾ ವಕೀಲಮ್ಮ?"

ಅವಳು ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಹಾಗಾದ್ರೆ ಸುಲಭದ್ದು ಕೊಟ್ಟಿರ್ತೀರಿ ಮೇಷ್ಟ್ರೇ."

"ಇದು ಆ ಪರೀಕ್ಷೇದೇ ಕಣಮ್ಮ. ಆಣೆಗೂ."

"ಅಪ್ಪ ಹೇಳಿರ್ತಾನೆ, ಸುಲಭದ್ದು ಆರಿಸಿ ಕೊಡಿ ಅಂತ."

"ಹಾಗಾದ್ರೆ ಕಷ್ಟದ್ದು ಕೊಡಿ ಮೇಷ್ಟ್ರೇ!" ಎಂದ ದೀಪದಣ್ಣ. "ಎಲ್ಲಕ್ಕಿಂತ ಕಷ್ಟದ್ದು ಕೊಡಿ!"

ಕೊಡಬಾರದೆಂದು ಗೊತ್ತಿತ್ತು. ಕೊಡದಿದ್ದರೆ ಅವಳು ಹೇಳಿದ್ದೇ ನಿಜವಾಗುತ್ತಿತ್ತು. ವೃತ್ತದ ಮೇಲಿನ ಒಂದು ಸಮಸ್ಯೆ ಕೊಟ್ಟೆ. ಚಿತ್ರ ಬರೆದಳು, ಎರಡು ಸಾಲು ಬರೆದಳು. ಆ ಎರಡು ಸಾಲೂ ಸರಿಯಾಗಿದ್ದವು. ಮೂರನೆಯ ಸಾಲಿನಲ್ಲಿ ಪೆನ್ಸಿಲ್ ನಿಂತಿತು. ಇನ್ನೊಂದು ಸ್ವಲ್ಪ ಹೊತ್ತು ಜಗಳವಾಡಮ್ಮ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಪೆನ್ಸಿಲನ್ನು ಹಾಳೆಯ ಪಕ್ಕಕ್ಕೆ ನೇರವಾಗಿ ಇಟ್ಟಳು.

"ನೋಡಿದೆಯಾ ಅಪ್ಪಾ?" ಎಂದಳು. ಅವಳ ಮುಖದಲ್ಲಿ ದುಃಖವಿರಲಿಲ್ಲ. ಮನೆಗೆ ಹೋಗಬಹುದು ಎನ್ನುವವರ ನಿರಾಳವಿತ್ತು.

ಅವಳು ಹೋದ ಮೇಲೆ ಅವನು ಕೇಳಿದ: "ಆ ಲೆಕ್ಕ ಅರ್ಧಕ್ಕೆ ಬಿಟ್ಟವರೆಲ್ಲ ದಡ್ಡರಾ ಮೇಷ್ಟ್ರೇ?"

"ಅಲ್ಲಯ್ಯಾ. ನಾನೇ ಮೊದಲ ಸಲ ಎರಡು ದಿನ ಒದ್ದಾಡಿದ್ದೆ."

"ಅದನ್ನ ಅವಳಿಗೆ ಹೇಳಿ."

ಮಾರನೆಯ ದಿನ ಕಾರ್ಖಾನೆಯ ಬಾಗಿಲಲ್ಲಿ ಕಾದು ಹೇಳಿದೆ. ಅವಳು ನನ್ನ ಕೈಚೀಲದ ಕಿತ್ತುಹೋದ ಹಿಡಿಕೆಯನ್ನು ನೋಡಿ, "ಇದನ್ನ ಕೊಡಿ ಮೇಷ್ಟ್ರೇ, ಹೊಲಿದು ಕೊಡ್ತೀನಿ. ನೀವು ತುಂಬಾ ಒಳ್ಳೆಯವರು" ಎಂದಳು.

ಪರೀಕ್ಷೆಯ ದಿನ ಬೆಳಗ್ಗೆ ದೀಪದಣ್ಣ ಹ್ಯಾಚರಿಗೆ ರಜೆ ಹಾಕಿದ್ದ. ಸ್ಕೂಟರ್ ಒರೆಸಿ ಬಾಗಿಲಿಗೆ ನಿಲ್ಲಿಸಿದ್ದ. ಎರಡು ಪೆನ್ಸಿಲ್ ಕೆತ್ತಿ ಜೇಬಿನಲ್ಲಿ ಇಟ್ಟುಕೊಂಡಿದ್ದ. ನಾನೂ ಹರಸಲೆಂದು ಹೋಗಿ ಅಲ್ಲೇ ನಿಂತಿದ್ದೆ. ವಕೀಲಮ್ಮ ಸ್ನಾನ ಮಾಡಿ, ತಲೆ ಬಾಚಿ, ಕಾರ್ಖಾನೆಯ ನೀಲಿ ಮೇಲಂಗಿ ತೊಟ್ಟುಕೊಂಡು ಹೊರಗೆ ಬಂದಳು.

"ಹತ್ತಮ್ಮ, ಹೊತ್ತಾಯ್ತು," ಎಂದ ಅವನು.

"ಬೇಡ ಅಪ್ಪಾ."

"ಸುಮ್ನೆ ಕೂತು ಬಾ. ಬರೆಯೋದೇ ಬೇಡ. ಕೂತು ಬಾ."

"ಯಾಕೆ ಒಬ್ಬರ ಜಾಗ ಹಾಳು ಮಾಡೋದು?" ಎಂದಳು ಅವಳು, ಅವನಿಗೆ ತಿಳಿಸಿ ಹೇಳುವವಳಂತೆ ತಾಳ್ಮೆಯಿಂದ. "ಆ ಕುರ್ಚಿಯಲ್ಲಿ ಆಗುವವರು ಯಾರಾದ್ರೂ ಕೂತ್ಕೊಳ್ಳಲಿ."

ಅಮ್ಮನೂ ಮಗಳೂ ಕಾರ್ಖಾನೆಯ ಕಡೆಗೆ ಬೀದಿಯಲ್ಲಿ ನಡೆದುಹೋದರು. ಅವನು ಸ್ಕೂಟರನ್ನು ಚಾಲೂ ಮಾಡಿಯೇ ಇಟ್ಟಿದ್ದ. ಆರಿಸಬೇಕೆಂದು ಅವನಿಗೆ ಹೊಳೆಯಲಿಲ್ಲ, ಆರಿಸಯ್ಯಾ ಎಂದು ಹೇಳುವ ಧೈರ್ಯ ನನಗೂ ಬರಲಿಲ್ಲ. ಪರೀಕ್ಷೆ ಶುರುವಾಗುವ ಹೊತ್ತು ದಾಟುವವರೆಗೂ ಅದು ಬಾಗಿಲಲ್ಲಿ ಗುಡುಗುಡು ಎನ್ನುತ್ತಲೇ ಇತ್ತು.